ಯಾವುದಕ್ಕ ಆತು ಅಂದ್ರಿ?

ನಮ್ಮೂರಿನಲ್ಲಿ ಗಂಡ ಹೆಂಡತಿ ಮಾತು ಬಿಟ್ಟರೆ ಇಡೀ ಓಣಿಗೆ ಗೊತ್ತಾಗುತ್ತದೆ. ಅವರ ಮನೆಯ ಅನ್ನ ಒಲೆಯಿಂದ ಇಳಿಸಿದ ಮೇಲೂ ಕುದಿಯುತ್ತಲೇ ಇರುತ್ತದೆ. ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ನೋಡಿ ‘ಆತು’ ಎನ್ನುವ ತನಕ ಇಲ್ಲಿ ಯಾವ ಕೆಲಸವೂ ಮುಗಿಯುವುದಿಲ್ಲ. ಬೀಗದಲ್ಲಿ ಕೀಲಿಕೈ ಸುಮ್ಮನೆ ಸುತ್ತುತ್ತದೆ. ದರ್ಜಿಯ ಕೊನೆಯ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಒರೆಸಿದ ನೆಲ ಸಂಜೆಯಾದರೂ ಆರುವುದಿಲ್ಲ. ಬೇರೆ ಊರಿನಿಂದ ವರ್ಗವಾಗಿ ಬಂದ ನೌಕರರು ಮೊದಮೊದಲು ತಲೆ ಕೆಡಿಸಿಕೊಳ್ಳುತ್ತಾರೆ, ಆಮೇಲೆ ಪಕ್ಕದ ಮನೆಯವರ ಜೊತೆ ಸ್ನೇಹ ಬೆಳೆಸಿಕೊಳ್ಳುತ್ತಾರೆ. ಬೇರೆ ದಾರಿಯೂ ಇಲ್ಲ.

ಮನೆ ತುಂಬ ಜನ ಇದ್ದವರಿಗೆ ಇದೇನೂ ದೊಡ್ಡ ವಿಷಯವಲ್ಲ. ಅತ್ತೆ ಮಾಡಿದ್ದಕ್ಕೆ ಸೊಸೆ, ಸೊಸೆ ಮಾಡಿದ್ದಕ್ಕೆ ಅತ್ತೆ ಒಲ್ಲದ ಮನಸ್ಸಿನಿಂದಲಾದರೂ ಹೇಳುತ್ತಾರೆ. ಒಂಟಿಯಾಗಿರುವವರಿಗೆ ಮತ್ತು ಮನೆಯವರ ಬಾಯಿಯನ್ನು ನಂಬದವರಿಗೆ ನಾನಿದ್ದೇನೆ. ನನ್ನ ಹೆಸರು ಮಡಿವಾಳಪ್ಪ. ಬೆಳಿಗ್ಗೆ ಚಹಾ ಕುಡಿದು ಹೊರಟರೆ ಮನೆಯಿಂದ ಮನೆಗೆ ಹೋಗಿ, ಮಾಡಿದ ಕೆಲಸವನ್ನು ನೋಡಿ, ‘ಆತು’ ಎಂದು ಹೇಳಿ ಬರುವುದೇ ನನ್ನ ಕಸುಬು. ನಾನು ನೋಡದೆ ಹೇಳುವವನಲ್ಲ. ದಾರಿಯಲ್ಲಿ ಹೋಗುತ್ತಾ ಕಿಟಕಿಯೊಳಗೆ ಆ ಮಾತನ್ನು ಉಗುಳಿ ಹೋಗುವ ಜನರೂ ಇದ್ದಾರೆ. ಅಂಥವರ ಮಾತಿಗೆ ಅನ್ನ ಅರೆಬೆಂದು ನಿಲ್ಲುತ್ತದೆ, ಮನೆಯವರು ಮತ್ತೆ ನನ್ನ ಬಳಿಯೇ ಓಡಿ ಬರುತ್ತಾರೆ. ಉಳಿದಂತೆ ಆ ಮಾತನ್ನು ಊರಿನಲ್ಲಿ ಯಾರೂ ಸುಮ್ಮಸುಮ್ಮನೆ ಆಡುವುದಿಲ್ಲ. ಸಂತೆಯಲ್ಲಿ ವ್ಯಾಪಾರ ಕುದುರಿದರೂ ತಲೆ ಅಲ್ಲಾಡಿಸಿ ‘ಹೂಂ’ ಅನ್ನುತ್ತಾರೆ, ಅಷ್ಟೆ.

ಬಸ್ ಸ್ಟ್ಯಾಂಡಿನ ಹಿಂದೆ ನೀಲಗಂಗವ್ವನ ಖಾನಾವಳಿ ಇದೆ. ಆಕೆಯ ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ, ಮಕ್ಕಳಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ನಾನು ಹೋಗಿ ರೊಟ್ಟಿ, ಪಲ್ಯ, ಸಾರು, ಅನ್ನ ನೋಡಿ ಹೇಳಬೇಕು, ಅದಕ್ಕೆ ಬದಲಾಗಿ ನನಗೆ ಅಲ್ಲಿಯೇ ಊಟ. ಆಕೆಯದು ದೊಡ್ಡ ದನಿ. ಊಟ ಬಿಟ್ಟು ರಾಜಕೀಯ ಮಾತಾಡುತ್ತಾ ಕೂತವರನ್ನು ಕಂಡರೆ, “ಉಣ್ಣಾಕ ಬಂದೀರೋ, ಪಂಚಾಯ್ತಿ ಮಾಡಾಕ ಬಂದೀರೋ? ಏಳ್ರಿ ಮ್ಯಾಲ!” ಎಂದು ಗದರಿಸುತ್ತಿದ್ದಳು. ಬೈಸಿಕೊಂಡವರು ಮರುದಿನ ಮತ್ತೆ ಬರುತ್ತಿದ್ದರು. ಅವಳ ಎಣ್ಣೆಗಾಯಿ ಅಂಥದ್ದು.

ಅವಳಿಗೊಬ್ಬಳು ತಂಗಿ, ಕಸ್ತೂರಿ. ತಾಯಿ ಬೇಗ ಹೋದದ್ದರಿಂದ ನೀಲಗಂಗವ್ವನೇ ಆಕೆಯನ್ನು ಸಾಕಿ, ಓದಿಸಿ, ಪಕ್ಕದ ತಾಲ್ಲೂಕಿಗೆ ಮದುವೆ ಮಾಡಿ ಕೊಟ್ಟಿದ್ದಳು. ಚೊಚ್ಚಲ ಹೆರಿಗೆಗೆ ಕಸ್ತೂರಿ ಅಕ್ಕನ ಮನೆಗೇ ಬಂದಳು. ಹೆಣ್ಣು ಕೂಸು ಹುಟ್ಟಿತು. ನೀಲಗಂಗವ್ವ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕಂಡಕಂಡವರ ಬಾಯಿಗೆಲ್ಲ ಪೇಢೆ ತುರುಕಿದಳು. ನನ್ನ ಬಾಯಿಗೂ ತುರುಕಿದಳು, ನನಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಿದ್ದೂ. ನಾನೀಗ ಹೇಳುವ ಸಂಗತಿ ಶುರುವಾದದ್ದು ಬಾಣಂತಿ ಮನೆಗೆ ಬಂದ ವಾರದಲ್ಲಿ.

ಅವತ್ತು ನಾನು ಸಾರಿನ ಪಾತ್ರೆ ನೋಡಿ, ಎಂದಿನಂತೆ ಹೇಳಿ, ಕೈ ತೊಳೆಯಲು ಹೊರಟಿದ್ದೆ. ನೀಲಗಂಗವ್ವ ಬಾಗಿಲಿಗೆ ಅಡ್ಡ ನಿಂತಳು.

“ಮಡಿವಾಳಪ್ಪನವರ, ಈಗ ನೀವು ಯಾವುದಕ್ಕ ಆತು ಅಂದ್ರಿ?”

“ಸಾರಿಗೆ.”

“ಸಾರಿಗೇ ಅಂದ್ರೆಲ್ಲ?”

“ಮತ್ಯಾವುದಕ್ಕ ಅನ್ಲಿ? ಕಣ್ಣ ಮುಂದ ಇರೋದು ಸಾರು.”

“ಹಂಗಲ್ರೀ. ಅನ್ನೋ ಹೊತ್ತಿನಾಗ ನನ್ನ ಕಡೆ ನೋಡಿದಂಗ ಅನಿಸ್ತು. ಇನ್ನೊಮ್ಮೆ ಸಾರಿನ ಕಡೆ ನೋಡಿ ಅಂದುಬಿಡ್ರಿ.”

ಅಂದೆ. ನನಗೇನು ಕಷ್ಟ? ಎರಡನೇ ಸಲ ಹೇಳಿದರೆ ಸಾರಿಗೆ ಏನೂ ಆಗುವುದಿಲ್ಲ, ಬಾಯಿ ಮಾತ್ರ ಒಣಗುತ್ತದೆ. ಅವಳ ಮುಖ ಸಡಿಲಗೊಂಡಿತು. ನಾನು ಉಂಡು ಮನೆಗೆ ಬಂದೆ.

ಮರುದಿನ ಅದೇ ಪ್ರಶ್ನೆ, ಅದರ ಮರುದಿನವೂ ಅದೇ. ಮೊದಲು ಇನ್ನೊಮ್ಮೆ ಹೇಳಿದರೆ ಸಾಕಾಗುತ್ತಿತ್ತು. ಆಮೇಲೆ ಪಾತ್ರೆಯ ಮೇಲೆ ಬೆರಳಿಟ್ಟು ಹೇಳಬೇಕು ಎಂದಳು. ಬೆರಳಿಟ್ಟೆ, ಸುಟ್ಟುಕೊಂಡೆ. ಆಮೇಲೆ ಅವಳು ಅಡುಗೆಮನೆಯಿಂದ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಾಗ ಮಾತ್ರ ನಾನು ಹೇಳಬೇಕು. ನಡುವೆ ಅವಳು “ತಡೀರಿ, ತಡೀರಿ, ಈಗ ಬ್ಯಾಡ!” ಎಂದು ಹೊರಗಿನಿಂದ ಕೂಗುತ್ತಿದ್ದಳು. ಅಷ್ಟರಲ್ಲಿ ಮಾತು ನನ್ನ ಬಾಯಿಂದ ಬಿದ್ದಿದ್ದರೆ ಇಡೀ ಪಾತ್ರೆಯ ಸಾರು ಬಚ್ಚಲಿಗೆ ಹೋಗುತ್ತಿತ್ತು. ಮತ್ತೆ ಬೇಳೆ ತೊಳೆಯುವುದು, ಮತ್ತೆ ಒಲೆ ಹಚ್ಚುವುದು. ಊಟಕ್ಕೆ ಬಂದವರು ಕೂತು ಕೂತು ಎದ್ದು ಎದುರಿನ ಹೋಟೆಲಿಗೆ ನಡೆದರು. ಗದರಿಸಲು ಅಲ್ಲಿ ಯಾರೂ ಇಲ್ಲದೆ ಅವರಿಗೂ ಊಟ ರುಚಿಸಿರಲಿಕ್ಕಿಲ್ಲ.

ನನ್ನ ಹೆಂಡತಿ ಸಾವಂತ್ರೆವ್ವನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. “ಅಂದ್ರ ನಿಮ್ಮ ಗಂಟೇನು ಹೋಗ್ತದ? ಪಾಪ, ಸಮಾಧಾನ ಆಗೂ ತನಕ ಅಂದು ಬರ್ರಿ,” ಎಂದಳು. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಒಂದು ವಿಷಯ ನನ್ನ ಗಮನಕ್ಕೆ ಬರತೊಡಗಿತ್ತು. ನಾನು ಎಷ್ಟು ಹೆಚ್ಚು ಹೇಳುತ್ತೇನೋ ಅವಳ ಸಮಾಧಾನ ಅಷ್ಟು ಬೇಗ ಮುಗಿಯುತ್ತಿತ್ತು. ಮೊದಲು ಮರುದಿನದ ತನಕ ಬಾಳುತ್ತಿದ್ದ ಮಾತು ಈಗ ನಾನು ಚಪ್ಪಲಿ ಮೆಟ್ಟುವ ತನಕವೂ ಬಾಳುತ್ತಿರಲಿಲ್ಲ. ನನ್ನ ಮಾತಿಗೆ ಇಂಥ ಗತಿ ಬಂದದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಒಂದು ದಿನ ಕಸ್ತೂರಿ ಒಳಗಿನ ಕೋಣೆಯಿಂದ ನನ್ನನ್ನು ಕರೆದಳು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಕಣ್ಣು ಕೆಂಪಗಾಗಿದ್ದವು.

“ಕಾಕಾ, ಅಕ್ಕ ನನಗ ಬಾಣಂತೇರಿಗೆ ಕೊಡೋ ಅಳವಿ ಪಾಯಸ ಒಂದು ಬಟ್ಟಲ ಮಾಡಿ ಕೊಟ್ಟಿಲ್ಲ. ಊರಿಗೆಲ್ಲ ಅಡಿಗಿ ಮಾಡಿ ಹಾಕಾಕಿ, ತಂಗಿ ಬಾಣಂತಿ ಊಟ ಬಾಜೂ ಮನ್ಯಾಗಿಂದ ತರಸ್ತಾಳ. ಕೂಸಿನ್ನ ಎತ್ಕೊಳ್ಳೋದಿಲ್ಲ. ಈ ಕೋಣಿಯೊಳಗ ಕಾಲ ಇಡೋದಿಲ್ಲ.”

“ಆಕಿಗೆ ಮೈಯಾಗ ಆರಾಮ ಇಲ್ಲವ್ವ.”

“ಮೈಯಾಗ ಅಲ್ಲ, ಹೊಟ್ಟ್ಯಾಗ. ತನಗ ಮಕ್ಕಳಾಗಲಿಲ್ಲ, ನನಗ ಕೂಸಾಗೇತಿ, ಅದು ಸೇರವಲ್ದು ಆಕಿಗೆ. ಬಾಯಿಬಿಟ್ಟು ಹೇಳವಲ್ಲಳು, ಅಷ್ಟ. ನಾಳೆ ಮಧ್ಯಾಹ್ನ ನಮ್ಮ ಮನೆಯವರು ಟಂಟಂ ತಗೊಂಡು ಬರ್ತಾರ. ನಾ ಹೊಂಟೀನಿ. ಒಮ್ಮೆ ಹೋದೆ ಅಂದ್ರ ಈ ಹೊಸ್ತಿಲ ತುಳಿಯಂಗಿಲ್ಲ ನಾನು.”

ಹಸಿ ಬಾಣಂತಿ ಕೂಸನ್ನು ಎತ್ತಿಕೊಂಡು ಮೂರು ಗಾಲಿಯ ಟಂಟಂ ಹತ್ತಿ ಆ ಕೆಟ್ಟ ರಸ್ತೆಯಲ್ಲಿ ಹೋಗುವುದು ಒಂದು ಮಾತು. ಅದಕ್ಕಿಂತ ದೊಡ್ಡದು ಅವಳ ಕೊನೆಯ ಮಾತು. ನೀಲಗಂಗವ್ವನಿಗೆ ಈ ಭೂಮಿಯ ಮೇಲೆ ತನ್ನವರು ಅಂತ ಇದ್ದವಳು ಕಸ್ತೂರಿ ಒಬ್ಬಳೇ.

ಹಿತ್ತಿಲಿಗೆ ಹೋದೆ. ನೀಲಗಂಗವ್ವ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂತು ಒಂದೇ ಸೌಟನ್ನು ಮತ್ತೆ ಮತ್ತೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಕೈಯ ಚರ್ಮ ಸುಲಿದು ಕೆಂಪಗಾಗಿತ್ತು. ಕಸ್ತೂರಿ ಹೊರಟಿರುವುದನ್ನು ಹೇಳಿದೆ. “ಗೊತ್ತೈತ್ರಿ. ಹೋಗಲಿ. ಹೋದ್ರನ ಚಲೋ,” ಎಂದಳು. ಹಾಗೆನ್ನುತ್ತಲೇ ಅವಳ ಕಣ್ಣಿಂದ ನೀರು ಸುರಿಯಿತು. ನಾನು ಅಲ್ಲಿಯೇ ನೆಲಕ್ಕೆ ಕೂತೆ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

“ನೀಲಗಂಗವ್ವ, ಏನೈತಿ ಅದು? ಹೇಳಿಬಿಡ್ರಿ.”

“ಹೇಳ್ತೀನಿ. ಆದ್ರ ನೀವು ಬಾಯಿ ಮ್ಯಾಲ ಕೈ ಇಟ್ಕೊಂಡು ಕೇಳ್ಬೇಕು. ಆ ಮಾತು ಮಾತ್ರ ಅನ್ನಬಾರದು.”

ನಾನು ಬಾಯಿ ಮುಚ್ಚಿಕೊಂಡೆ. ಆ ಕ್ಷಣ ಯಾರಾದರೂ ನೋಡಿದ್ದರೆ ನಕ್ಕು ಸಾಯುತ್ತಿದ್ದರು.

“ಒಂದು ವಿಚಾರ ಬರ್ತದ್ರಿ. ನಾ ಕರೀದಿದ್ರೂ ಬರ್ತದ. ಕಸ್ತೂರಿಗೆ ಮೊದಲ ದಿನ ಪಾಯಸ ತಿರುವಾಕತ್ತಿದ್ದೆ. ಇದರಾಗ ಇಲಿ ಪಾಷಾಣ ಹಾಕಿಬಿಟ್ರ ಅಂತ ಬಂತು. ಬಂದು ಹೋಗಲಿಲ್ರಿ, ಕೂತುಬಿಡ್ತು. ಕಸ್ತೂರಿ ಬಾಯಾಗ ನೊರಿ, ಬಾಜೂಕ ಕೂಸು. ಕಣ್ಣ ಮುಂದ ನಡದಂಗ ಕಾಣ್ತದ. ನಾ ಆಕಿನ್ನ ಎದಿ ಮ್ಯಾಲ ಹಾಕ್ಕೊಂಡು ಬೆಳಸೀನ್ರಿ. ನನಗ್ಯಾಕ ಇಂಥಾದ್ದು ಬರ್ಬೇಕು?”

“ಮನ್ಯಾಗ ಪಾಷಾಣ ಐತೇನು?” ಕೈಯ ಸಂದಿಯಿಂದಲೇ ಕೇಳಿದೆ.

“ಅವತ್ತ ತಿಪ್ಪಿಗೆ ಒಗದೀನಿ. ಇಲಿ ಕಾಲಾಗ ಓಡಾಡಿದ್ರೂ ಸುಮ್ನ ಇರ್ತೀನಿ. ಆದ್ರ ಅದಲ್ಲ ನನ್ನ ಹೆದರಿಕಿ. ಈ ಊರಾಗ ಶುರು ಮಾಡಿದ್ದಕ್ಕ ಇನ್ನೊಬ್ರು ಆತು ಅಂದ್ರ ಅದು ಮುಗೀತು. ನಾ ವಿಚಾರ ಮಾಡೀನಿ ಅಂದ್ರ ಶುರು ಮಾಡಿದಂಗ ಅಲ್ಲೇನು? ಅದು ತಲ್ಯಾಗ ಇದ್ದಾಗ ನೀವು ಬಂದು ಆತು ಅಂದ್ರ, ಅದು ಸಾರಿಗೆ ಹತ್ತೀತೋ ನನ್ನ ವಿಚಾರಕ್ಕ ಹತ್ತೀತೋ? ನನಗ ಹೆಂಗ ಗೊತ್ತಾಗ್ಬೇಕು?”

ಎಷ್ಟೋ ವರ್ಷಗಳಿಂದ ಈ ಮಾತನ್ನೇ ಹೇಳಿ ಹೊಟ್ಟೆ ಹೊರೆದವನು ನಾನು. ಅದು ಯಾವುದಕ್ಕೆ ಹತ್ತುತ್ತದೆ, ಯಾವುದಕ್ಕೆ ಹತ್ತುವುದಿಲ್ಲ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಕೈ ತೆಗೆದು ಹೇಳಿದೆ.

“ಮದುವಿ ಮನ್ಯಾಗ ತಾಳಿ ಕಟ್ಟಿದ ಕೂಡಲೇ ಹೇಳಾಕ ನನ್ನ ಕರೀತಾರೆಲ್ಲ, ಸರಿಯಾಗಿ ಅದ ಹೊತ್ತಿಗೆ ಒಂದು ಹೊಲಸು ಬೈಗುಳ ನನ್ನ ನಾಲಗಿ ತುದಿಗೆ ಬಂದು ನಿಂದರ್ತದ. ಗಂಡಿನ ತಾಯಿನ್ನ ನೋಡಿ. ಪ್ರತಿ ಮದುವ್ಯಾಗೂ.”

ಅವಳು ಸೌಟು ಕೆಳಗಿಟ್ಟಳು. “ನಿಮಗೂನಾ?”

“ಅದಷ್ಟ ಅಲ್ಲ. ನನ್ನ ಮೊಮ್ಮಗ ಬಾವಿ ಕಟ್ಟಿ ಹತ್ರ ಆಡಾಕತ್ತಿದ್ರ, ನೂಕಿಬಿಟ್ರ ಅಂತ ಬರ್ತದ. ಆ ಹುಡುಗ ಅಂದ್ರ ನನಗ ಜೀವ. ಸಾವಂತ್ರಿಗೂ ಇಂಥಾವು ಬರ್ತಿರಬೇಕು. ಕೇಳಾಕ ನನಗ ಧೈರ್ಯ ಇಲ್ಲ, ಆಕಿ ಕೈಯಾಗ ಈಳಿಗಿ ಇರ್ತದ.”

ಬಹಳ ದಿನಗಳ ಮೇಲೆ ನೀಲಗಂಗವ್ವನ ತುಟಿ ಸ್ವಲ್ಪ ಅಲುಗಿತು. “ಬಂದಾಗ ನೀವು ಏನ್ ಮಾಡ್ತೀರಿ?”

“ಏನೂ ಮಾಡಂಗಿಲ್ಲ. ಹೋಗ್ತದ. ಮತ್ತ ಬರ್ತದ.”

“ನಂದು ಹೋಗವಲ್ದ್ರಿ.”

“ನೀವು ಬಾಗಲದಾಗ ಬಡಿಗಿ ಹಿಡಕೊಂಡು ನಿಂತೀರಿ. ಹೆಂಗ ಹೋದೀತು?”

ಮನೆಗೆ ಬಂದು ಊಟ ಮಾಡಿ ಅಡ್ಡಾದೆ. ನಿದ್ದೆ ಹತ್ತಲಿಲ್ಲ. ನನಗೆ ಒಂದೇ ಉಪಾಯ ಹೊಳೆದಿತ್ತು, ಅದು ನನಗೇ ಹಿಡಿಸಿರಲಿಲ್ಲ. ಸಾವಂತ್ರೆವ್ವನಿಗೆ ಹೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿತ್ತು, ಆದ್ದರಿಂದ ಹೇಳಲಿಲ್ಲ.

ಮರುದಿನ ಹೊತ್ತು ಏರುವ ಮೊದಲೇ ಖಾನಾವಳಿಗೆ ಹೋದೆ. ಕಸ್ತೂರಿ ಗಂಟು ಕಟ್ಟಿಕೊಂಡು, ಕೂಸಿಗೆ ಟೋಪಿ ಹಾಕಿ, ಕೋಣೆಯ ಮಂಚದ ಮೇಲೆ ಕೂತಿದ್ದಳು. ನೀಲಗಂಗವ್ವನಿಗೆ ಅಳವಿ ಪಾಯಸ ಮಾಡಲು ಹೇಳಿದೆ. ಒಲ್ಲೆನೆಂದಳು. “ಹಂಗಾರ ನಾನ ಮಾಡ್ತೀನಿ, ನಿಮ್ಮ ತಂಗಿ ಹೊಟ್ಟಿ ಕೆಡಿಸಿದ ಪಾಪ ನನಗ ಬರಲಿ,” ಎಂದು ಪಾತ್ರೆಗೆ ಕೈ ಹಾಕಿದೆ. ನನ್ನ ಅಡುಗೆ ಎಂಥದ್ದೆಂದು ಅವಳಿಗೆ ಗೊತ್ತು. ಪಾತ್ರೆ ಕಸಿದುಕೊಂಡಳು. ಅಳವಿ ಬೀಜ ನೆನೆಸಿ, ಹಾಲು ಕಾಯಿಸಿ, ಬೆಲ್ಲ ಕುಟ್ಟಿ ಹಾಕಿದಳು. ಪಾಯಸ ಗಟ್ಟಿಯಾಯಿತು. ಇಳಿಸಿದ ಮೇಲೂ ಕೊತಕೊತ ಎನ್ನುತ್ತಿತ್ತು, ಯಾಕೆಂದರೆ ಅದಕ್ಕೆ ನಾನು ಇನ್ನೂ ಹೇಳಿರಲಿಲ್ಲ. ಅವಳು ಅಭ್ಯಾಸದಂತೆ ಗೋಡೆಯ ಕಡೆ ತಿರುಗಲು ಹೊರಟಳು.

“ತಿರುಗಬ್ಯಾಡ್ರಿ. ನನ್ನ ಕಡೆ ನೋಡ್ರಿ. ಆ ವಿಚಾರ ಬಂದೈತೇನು?”

“ಐತ್ರಿ. ಬೆಳಗಿಂದ ಐತಿ. ನೀವು ತಡೀರಿ, ಅದು ಹೋಗಲಿ...”

“ಪೂರ್ತಿ ಬರಲಿ. ನೊರಿ, ಕೂಸು, ಎಲ್ಲಾ ಬರಲಿ. ಬಂತೇನು?”

“ಬಂತು. ಯಾಕ್ರೀ?”

ನಾನು ಪಾಯಸವನ್ನು ನೋಡಲಿಲ್ಲ. ಕೆಲಸ ನೋಡಿ ಹೇಳುವುದು ನನ್ನ ರೀತಿ. ಅವಳ ಹಣೆಯನ್ನು ನೇರವಾಗಿ ನೋಡಿ, ತಾಳಿಗೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದೆ.

“ಆತು.”

ಅವಳ ಮುಖದಿಂದ ರಕ್ತ ಇಳಿದುಹೋಯಿತು. ಕಿರುಚುತ್ತಾಳೆಂದುಕೊಂಡೆ, ಕಿರುಚಲಿಲ್ಲ. ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. “ಪಾಯಸಕ್ಕ ಅಂದ್ರಿ. ಹೌದಲ್ರೀ? ಪಾಯಸಕ್ಕ ಅಂದೆ ಅಂತ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಪಾಯಸಕ್ಕ ಅಂದಿಲ್ಲ. ನೋಡ್ರಿ, ಇನ್ನೂ ಕುದಿಯಾಕತ್ತೇತಿ. ನಿಮ್ಮ ವಿಚಾರಕ್ಕ ಅಂದೀನಿ. ಈಗ ಬಟ್ಟಲಕ್ಕ ಹಾಕ್ರಿ, ತಂಗಿಗೆ ಕೊಡ್ರಿ.”

“ಏನರ ಆದ್ರ?”

‘ಏನೂ ಆಗೂದಿಲ್ಲ’ ಎಂಬ ಮಾತು ನನ್ನ ಗಂಟಲಿಗೆ ಬಂದಿತ್ತು. ಹೇಳಿದ್ದರೆ ಅವಳು ಅದನ್ನೂ ಇನ್ನೊಮ್ಮೆ, ಮತ್ತೊಮ್ಮೆ ಹೇಳಿಸುತ್ತಿದ್ದಳು. ನುಂಗಿಕೊಂಡೆ. “ನನಗೂ ಗೊತ್ತಿಲ್ಲ,” ಎಂದೆ. ಅದು ನಿಜವೂ ಆಗಿತ್ತು. ನಮ್ಮೂರಿನಲ್ಲಿ ಈ ಮೊದಲು ಯಾರೂ ಬರೀ ಒಂದು ಯೋಚನೆಗೆ ಆ ಮಾತು ಹೇಳಿ ನೋಡಿದವರಿಲ್ಲ. ಕೈ ಮಾಡದೆ ಇದ್ದುದನ್ನು ಬಾಯಿ ಮುಗಿಸಲಾರದು ಎಂಬುದು ನನ್ನ ಲೆಕ್ಕಾಚಾರ, ಅಷ್ಟೆ. ಲೆಕ್ಕಾಚಾರ ತಪ್ಪಿದರೆ ಸಾಯುವವಳು ಕಸ್ತೂರಿ.

ನೀಲಗಂಗವ್ವ ಒಲೆಯ ಕಡೆ ತಿರುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಕೊನೆಗೆ ಬಟ್ಟಲಿಗೆ ಪಾಯಸ ಬಡಿಸಿ, ಮೇಲೆ ತುಪ್ಪ ಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಕೋಣೆಯ ಹೊಸ್ತಿಲು ದಾಟಿದಳು. ನಾನು ಬಾಗಿಲ ಬಳಿ ನಿಂತೆ.

ಕಸ್ತೂರಿ ಬಟ್ಟಲನ್ನೂ ಅಕ್ಕನನ್ನೂ ನೋಡಿದಳು. “ಈಗ ನೆನಪಾತ...” ಎನ್ನಲು ಹೋಗಿ, ಆ ಮಾತನ್ನು ಹಗುರವಾಗಿ ಆಡಬಾರದೆಂದು ತಡೆದು, “ಈಗ ನೆನಪು ಬಂತೇನು?” ಎಂದಳು. ಸೇಡಿಗೆಂಬಂತೆ ಬಟ್ಟಲು ಇಸಿದುಕೊಂಡು ಚಮಚ ಬಾಯಿಗಿಟ್ಟಳು. ಅವಳ ತುಟಿಯನ್ನೇ ನೋಡುತ್ತಿದ್ದೆ. ಹಾಲು ಸ್ವಲ್ಪ ತುಟಿಯ ಅಂಚಿಗೆ ಹತ್ತಿದ್ದನ್ನು ಕಂಡು ನೊರೆ ಎಂದುಕೊಂಡೆ. ಚೌಕಟ್ಟು ಹಿಡಿದು ನಿಂತೆ. ನೀಲಗಂಗವ್ವ ಈ ಭಯವನ್ನು ಹೊತ್ತುಕೊಂಡು ದಿನಾ ರೊಟ್ಟಿ ಬಡಿಯುತ್ತಿದ್ದಳಲ್ಲ ಎಂದು ಮೊದಲ ಸಲ ಮನಸ್ಸಿಗೆ ನಾಟಿತು. ನನಗೆ ಅಳು ಬಂತು.

ನೀಲಗಂಗವ್ವ ಮಂಚದ ಕೆಳಗೆ, ತಂಗಿಯ ಕಾಲ ಬಳಿ ನೆಲಕ್ಕೆ ಕೂತಳು.

“ಕಸ್ತೂರಿ, ನಿನಗೊಂದು ಹೇಳ್ತೀನಿ. ಅದರಾಗ ವಿಷ ಹಾಕೀನೇನೋ ಅಂತ ಅನಿಸ್ತದ ನನಗ. ಹಾಕಿಲ್ಲ. ಆದ್ರ ಅನಿಸ್ತದ. ನಿನ್ನ ಕಂಡಾಗೆಲ್ಲ ಅನಿಸ್ತದ. ಅದಕ್ಕ ನಾ ನಿನ್ನ ಕೋಣಿಗೆ ಬರಲಿಲ್ಲ. ಕೂಸಿನ್ನ ಮುಟ್ಟಲಿಲ್ಲ. ಹೊಟ್ಟಿಕಿಚ್ಚಲ್ಲವ್ವಾ ಅದು.”

ಚಮಚ ಅರ್ಧ ದಾರಿಯಲ್ಲಿ ನಿಂತಿತು. ಬಟ್ಟಲಲ್ಲಿ ಪಾಯಸ ಕುದಿಯುತ್ತಲೇ ಇತ್ತು. ಕಸ್ತೂರಿ ಅಕ್ಕನ ಸುಲಿದ ಕೈಗಳನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಆಮೇಲೆ ಚಮಚ ಬಾಯಿಗಿಟ್ಟು ನಿಧಾನವಾಗಿ ಚಪ್ಪರಿಸಿದಳು.

“ಬೆಲ್ಲ ಕಡಿಮಿ ಬಿದ್ದೈತಿ,” ಎಂದಳು. “ಇಷ್ಟ ದಿನ ಇದನ್ನ ಹೇಳಾಕೇನಾಗಿತ್ತು ಹುಚ್ಚಿ? ಬಾಜೂ ಮನಿ ಸಾರು ಕುಡದು ಕುಡದು ನನ್ನ ನಾಲಗಿ ಸತ್ತೈತಿ. ಹಿಡಿ, ಇದನ್ನ ಹಿಡಿ, ನನಗ ಎರಡೂ ಕೈಲೇ ಉಣ್ಣಬೇಕು.” ಅನ್ನುತ್ತಲೇ ಕೂಸನ್ನು ಅಕ್ಕನ ತೊಡೆಗೆ ಹಾಕಿದಳು.

ನೀಲಗಂಗವ್ವ ಕೂಸನ್ನು ಎದೆಗೊತ್ತಿಕೊಂಡು ಕೂತಳು. ಆ ಹೊತ್ತಿಗೂ ವಿಚಾರ ಬಂದಿತ್ತಂತೆ, ಕೂಸಿನ ವಿಚಾರವಾಗಿ, ಇನ್ನೂ ಕೆಟ್ಟದ್ದು. ಆದರೂ ಬಿಡಲಿಲ್ಲ ಎಂದು ಆಮೇಲೆ ಹೇಳಿದಳು. ಮಧ್ಯಾಹ್ನ ಕಸ್ತೂರಿಯ ಗಂಡ ಟಂಟಂ ತಂದ. ಅವನಿಗೆ ಊಟ ಹಾಕಿ ಖಾಲಿ ಟಂಟಂ ಜೊತೆ ವಾಪಸ್ ಕಳಿಸಿದರು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡ.

ಅವತ್ತಿನಿಂದ ನೀಲಗಂಗವ್ವ ಗುಣವಾದಳು ಎಂದು ಹೇಳಲಾರೆ. ಮರುದಿನವೇ ಮನೆಗೆ ಬಂದು, ನಾನು ಅಂದದ್ದು ಏನಾಗಿರಬಹುದು, ವಿಷ ನಿಧಾನಕ್ಕೆ ಏರುವುದೂ ಉಂಟಲ್ಲ ಎಂದು ಕೇಳಿದಳು. ಉತ್ತರ ಕೊಡಲಿಲ್ಲ. ಚಹಾ ಕೊಟ್ಟೆ. ಅತ್ತಳು, ಬೈದಳು, ಚಹಾ ಕುಡಿದು ಹೋದಳು. ಸಾವಂತ್ರೆವ್ವ ನನ್ನನ್ನು ಕಲ್ಲೆದೆಯವನು ಎಂದಳು. ಕೆಲವು ದಿನ ಸಾರು ಬಚ್ಚಲಿಗೆ ಹೋದದ್ದೂ ಉಂಟು. ಕಸ್ತೂರಿ ಅಡುಗೆಮನೆಯ ಬಾಗಿಲಲ್ಲಿ ಕೂಸನ್ನು ಹಿಡಿದು ನಿಂತು, “ಚೆಲ್ಲು, ಚೆಲ್ಲು. ನಾವೂ ನೋಡ್ತೀವಿ ಎಷ್ಟ ಚೆಲ್ತಿ ಅಂತ,” ಎನ್ನುತ್ತಿದ್ದಳು. ಬರಬರುತ್ತಾ ಚೆಲ್ಲುವುದು ಕಡಿಮೆಯಾಯಿತು.

ಒಂದು ದಿನ ನೀಲಗಂಗವ್ವ ನನ್ನನ್ನು ಕೂರಿಸಿ, ಇನ್ನು ಮುಂದೆ ತನ್ನ ಅಡುಗೆಗೆ ಯಾರೂ ಹೇಳುವುದು ಬೇಡ ಎಂದಳು. ಹೇಳಿಸಿಕೊಂಡರೆ ಕೇಳುವ ಚಟ ಮತ್ತೆ ಹತ್ತುತ್ತದೆಯಂತೆ. ಅಡುಗೆ ಮುಗಿಯದೆ ಹಾಗೆಯೇ ಇರಲಿ, ತಾನು ಮುಗಿಯದ್ದನ್ನೇ ಬಡಿಸುತ್ತೇನೆ ಎಂದಳು. ಇಂಥ ಮಾತನ್ನು ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ಜನ ಬರಲಾರರು ಎಂದುಕೊಂಡೆ. ಬಂದರು. ಅವಳ ಖಾನಾವಳಿಯಲ್ಲಿ ಸಾರು ತಾಟಿನಲ್ಲೂ ಕುದಿಯುತ್ತದೆ, ಪಲ್ಯ ಸಿಡಿಯುತ್ತದೆ, ರೊಟ್ಟಿ ಕೈಯಲ್ಲೇ ಉಬ್ಬುತ್ತದೆ. ನಾಲಗೆ ಸುಟ್ಟುಕೊಳ್ಳದೆ ಅಲ್ಲಿ ಉಂಡವರಿಲ್ಲ. ಕೂತವರು ಬೇಗ ಏಳುವಂತೆಯೂ ಇಲ್ಲ, ಊದಿ ಊದಿ ಉಣ್ಣಬೇಕು. ಅದರಿಂದ ಪಂಚಾಯ್ತಿ ಹೆಚ್ಚಾಗಿ ಅವಳಿಗೆ ಗದರಿಸಲು ಮೊದಲಿಗಿಂತ ಹೆಚ್ಚು ಕೆಲಸ.

ಅಲ್ಲಿನ ಕೆಲಸ ಹೋದರೂ ನಾನು ಊಟಕ್ಕೆ ಅಲ್ಲಿಗೇ ಹೋಗುತ್ತೇನೆ. ಮೊನ್ನೆ ನೀಲಗಂಗವ್ವ ಸೌಟು ಹಿಡಿದು ಬಂದು ನನ್ನ ತಾಟಿನ ಮುಂದೆ ಬಗ್ಗಿದಳು.

“ಇವತ್ತೂ ಬಂದಿತ್ರಿ,” ಎಂದಳು, ಹವಾಮಾನ ಹೇಳುವಂತೆ.

“ಯಾರ ಮ್ಯಾಲ?”

“ನಿಮ್ಮ ಮ್ಯಾಲ. ಈ ಸಾರು ನೋಡಿ.”

“ಹಂಗಾರ ಇನ್ನೊಂದು ಸೌಟು ಹಾಕ್ರಿ.”

ಹಾಕಿದಳು. ಅಷ್ಟು ವರ್ಷಗಳ ರೂಢಿ, ಬಡಿಸಿದ ಸಾರು ಕಂಡ ಕೂಡಲೇ ಆ ಮಾತು ತಾನಾಗಿ ನನ್ನ ನಾಲಗೆಯ ತುದಿಗೆ ಬಂತು. ಅವಳೂ ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ರೊಟ್ಟಿಯ ತುಂಡೊಂದನ್ನು ಮುರಿದು ಬಾಯಿಗಿಟ್ಟುಕೊಂಡೆ. ಅವಳು ಮುಂದಿನ ಪಂಕ್ತಿಗೆ ಹೋದಳು, ಅಲ್ಲಿ ಯಾರನ್ನೋ ಗದರಿಸುವುದು ಕೇಳಿಸಿತು. ಸಾರು ತಾಟಿನಲ್ಲಿ ಕುದಿಯುತ್ತಲೇ ಇತ್ತು. ಊದಿ ಊದಿ ಉಂಡೆ.